ಪಥ್ಯ ಯಾರಿಗೆ?

1873ರಲ್ಲಿ ಬಾಸ್ಟನ್ ನಗರದ ಎಡ್ವರ್ಡ್ ಕ್ಲಾರ್ಕ್ ಅನ್ನೋ ಡಾಕ್ಟರು ಹೆಣ್ಣುಮಕ್ಕಳ ಓದಿನ ಬಗ್ಗೆ ಒಂದು ಪುಸ್ತಕ ಬರೆದರು. ಹಾರ್ವರ್ಡಿನಲ್ಲಿ ಪಾಠ ಹೇಳಿದ್ದ ದೊಡ್ಡ ಮನುಷ್ಯ. ಅವರ ವಾದ ಸರಳ: ದೇಹದಲ್ಲಿರೋ ಶಕ್ತಿ ಇಷ್ಟೇ ಇಷ್ಟು. ಹುಡುಗಿಯೊಬ್ಬಳು ಅದನ್ನು ಹುಡುಗರ ಥರ ಓದಿಗೆ ಖರ್ಚು ಮಾಡಿಬಿಟ್ಟರೆ ಗರ್ಭಾಶಯಕ್ಕೆ ಉಳಿಯೋದಿಲ್ಲ. ಸಾಕ್ಷಿಗೆ ಬೆರಳಲ್ಲಿ ಎಣಿಸುವಷ್ಟು ಹುಡುಗಿಯರ ಕತೆ, ಅಷ್ಟೇ. ಆದರೂ ಪುಸ್ತಕ ಮತ್ತೆ ಮತ್ತೆ ಮುದ್ರಣ ಕಂಡಿತು.

ನಗಬೇಡಿ. ನಮ್ಮೂರಲ್ಲಿ ಮದುವೆಯಾಗಿ ಮೂರು ವರ್ಷಕ್ಕೆ ತೊಟ್ಟಿಲು ತೂಗದಿದ್ದರೆ ಸೊಸೆ ಅಶ್ವತ್ಥಕಟ್ಟೆ ಸುತ್ತಬೇಕು, ನಾಗರಕಲ್ಲಿಗೆ ಹಾಲೆರೆಯಬೇಕು, ಪಪ್ಪಾಯಿ ಮುಟ್ಟಬಾರದು, ಭಾರ ಎತ್ತಬಾರದು. ಮಗ ಎಂದಿನಂತೆ ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಬೀಡಿ ಸೇದಿ ಬರಬಹುದು. ಬಾಸ್ಟನ್ನಿನ ಡಾಕ್ಟರಿಗೂ ನಮ್ಮೂರ ಅಜ್ಜಿಗೂ ಒಂದು ವಿಷಯದಲ್ಲಿ ಅನುಮಾನವೇ ಇರಲಿಲ್ಲ: ಮಗು ಆಗಲಿಲ್ಲ ಅಂದರೆ ಹೆಂಗಸು ಏನೋ ಮಾಡಬಾರದ್ದು ಮಾಡಿದ್ದಾಳೆ, ಇಲ್ಲಾ ಮಾಡಬೇಕಾದ್ದು ಮಾಡಿಲ್ಲ.

ಈ ಲೆಕ್ಕಕ್ಕೆ ಗಂಡಸು ಸೇರಿದ್ದು ತಡವಾಗಿ. ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣು ನೋಡಿದ್ದು 1677ರಲ್ಲಿ. ಆದರೆ ವೀರ್ಯಾಣುಗಳನ್ನು ಎಣಿಸಿ, ಆ ಸಂಖ್ಯೆಗೂ ಮಕ್ಕಳಾಗೋದಕ್ಕೂ ಏನು ಸಂಬಂಧ ಅಂತ ಕೇಳಿದ ಹೆಸರುವಾಸಿ ಪ್ರಬಂಧವೊಂದು ಅದೇ ಬಾಸ್ಟನ್ನಿನ ವೈದ್ಯ ಪತ್ರಿಕೆಯಲ್ಲಿ ಬಂದದ್ದು 1929ರಲ್ಲಿ. ನಡುವೆ ಇನ್ನೂರೈವತ್ತು ವರ್ಷ. ಅಷ್ಟೂ ವರ್ಷ ಪಥ್ಯವೆಲ್ಲ ಹೆಂಗಸಿಗೇ.

ನಿಜವಾದ ಬದಲಾವಣೆ ತಂದಿದ್ದು ಐವಿಎಫ್. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಆಸ್ಪತ್ರೆಯಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಅದರ ಹಿಂದೆ ಇದ್ದವರು ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ, ಮತ್ತು ಬಹುಕಾಲ ಹೆಸರೇ ಕೇಳಿಬರದಿದ್ದ ಜೀನ್ ಪರ್ಡಿ. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ದುರ್ಗಾ ಹುಟ್ಟಿದಳು. ಸರ್ಕಾರದ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳಕೊಂಡರು. ಅವರಿಗೆ ನ್ಯಾಯ ಕೊಡಿಸಿದ ಟಿ.ಸಿ. ಆನಂದ್ ಕುಮಾರ್ ಅವರ ಲೇಖನ ನಮ್ಮ ಬೆಂಗಳೂರಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಬಂತು.

ಐವಿಎಫ್ ಬಂದ ಮೇಲೆ ಮಗು ಕೊಟ್ಟಿದ್ದಷ್ಟೇ ಅಲ್ಲ, ಎಣಿಕೆಯನ್ನೂ ಕೊಟ್ಟಿತು. ಮೊದಲೆಲ್ಲ ಗೊತ್ತಾಗ್ತಿದ್ದದ್ದು ಎರಡೇ: ಆಯ್ತು, ಆಗಲಿಲ್ಲ. ಈಗ ಎಷ್ಟು ಅಂಡಾಣು ಸಿಕ್ಕಿತು, ಎಷ್ಟು ಫಲಿಸಿತು, ಎಷ್ಟು ಭ್ರೂಣ ಒಳಗಿಟ್ಟರು, ಯಾವುದು ಅಂಟಿತು, ಮಗು ಹುಟ್ಟಿತಾ ಅಂತ ಹಂತಹಂತದ ದಾಖಲೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಲಾಗ್ ಸಿಗೋಕೆ ಶುರುವಾಯ್ತು. ಲಾಗ್ ಇದ್ದರೆ ಬಾಯಿಮಾತಿನ ದೂರು ನಡೆಯಲ್ಲ.

ಮೊದಲು ಪರೀಕ್ಷೆಗೆ ಬಂದದ್ದು ಸಿಗರೇಟು. 1985ರಲ್ಲಿ ಅಮೆರಿಕದ ಡೊನ್ನಾ ಬೇರ್ಡ್ ಮತ್ತು ಅಲೆನ್ ವಿಲ್ಕಾಕ್ಸ್ 678 ಗರ್ಭಿಣಿಯರನ್ನು ಕೇಳಿದರು: ಗರ್ಭ ನಿಲ್ಲೋಕೆ ಎಷ್ಟು ಕಾಲ ಹಿಡಿಯಿತು? ಸೇದದವರಲ್ಲಿ 38 ಶೇಕಡ ಮಂದಿಗೆ ಮೊದಲ ತಿಂಗಳ ಚಕ್ರದಲ್ಲೇ ನಿಂತಿತ್ತು, ಸೇದುವವರಲ್ಲಿ 28 ಶೇಕಡ. ಆಮೇಲೆ ಐವಿಎಫ್ ಕೇಂದ್ರಗಳಿಂದ ಒಂದಾದ ಮೇಲೊಂದು ಅಧ್ಯಯನ ಬಂತು. 2009ರಲ್ಲಿ ಅಂಥ 21 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸೇದುವ ಹೆಂಗಸರಲ್ಲಿ ಒಂದು ಸೈಕಲ್ಲಿಗೆ ಮಗು ಹುಟ್ಟುವ ಆಡ್ಸ್ ಸುಮಾರು ಅರ್ಧಕ್ಕೆ ಇಳಿದಿತ್ತು. ನಿಕೋಟಿನ್ ದೇಹದಲ್ಲಿ ಒಡೆದಾಗ ಆಗುವ ಕೋಟಿನಿನ್ ಅನ್ನೋ ವಸ್ತು ಅಂಡಾಣುವಿನ ಸುತ್ತಲಿನ ದ್ರವದಲ್ಲೇ ಸಿಕ್ಕಿದೆ. ಹೊಗೆ ಶ್ವಾಸಕೋಶಕ್ಕೇ ನಿಲ್ಲೋದಿಲ್ಲ.

ನಮ್ಮ ಕಡೆ ಸೇದುವ ಹೆಂಗಸರು ಕಮ್ಮಿ, ನಮಗ್ಯಾಕೆ ಈ ಲೆಕ್ಕ ಅನ್ನಬಹುದು. ಅದಕ್ಕೇ 2005ರ ಕೆನಡಾದ ಅಧ್ಯಯನ ನನಗೆ ಮುಖ್ಯ ಅನ್ನಿಸೋದು. ಹ್ಯಾಮಿಲ್ಟನ್‌ನಲ್ಲಿ ಚಿಕಿತ್ಸೆಗೆ ಬಂದ 225 ಹೆಂಗಸರನ್ನು ಮೂರು ಗುಂಪು ಮಾಡಿದರು: ಸೇದದವರು, ಸೇದುವವರು, ತಾವು ಸೇದದೆ ಸೇದುವ ಸಂಗಾತಿಯ ಜೊತೆ ಬದುಕುವವರು. ಭ್ರೂಣ ಒಳಗಿಟ್ಟ ಮೇಲೆ ಗರ್ಭ ನಿಂತದ್ದು ಮೊದಲ ಗುಂಪಿನಲ್ಲಿ 48 ಶೇಕಡ, ಎರಡನೇದರಲ್ಲಿ 19, ಮೂರನೇದರಲ್ಲಿ 20. ಮೂರೂ ಗುಂಪಿನ ಭ್ರೂಣಗಳ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಂಖ್ಯೆ ಸಣ್ಣದು, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವೂ ಅಲ್ಲ. ಆದರೂ ಎರಡನೇ, ಮೂರನೇ ಸಂಖ್ಯೆಗಳನ್ನು ಇನ್ನೊಂದು ಸಲ ನೋಡಿ.

ನಮ್ಮ ದೊಡ್ಡಪ್ಪನ ಮಗ, ಅತ್ತಿಗೆ ಇಬ್ಬರೂ ಐಟಿಯವರೇ. ಚಿಕಿತ್ಸೆ ಶುರುವಾದ ದಿನದಿಂದ ಅತ್ತಿಗೆ ಕಾಫಿ ಬಿಟ್ಟರು, ಜಿಮ್ ಬಿಟ್ಟರು, ಮೆಟ್ಟಿಲು ಹತ್ತೋದು ಬಿಟ್ಟರು, ಕೊನೆಗೆ ಆನ್‌ಸೈಟ್ ಅವಕಾಶವನ್ನೂ ಬಿಟ್ಟರು. ಊರಿಂದ ಫೋನ್ ಮಾಡಿದವರೆಲ್ಲ ಅವರಿಗೊಂದು ಪಥ್ಯ ಹೇಳಿ ಇಡ್ತಿದ್ದರು. ಅಣ್ಣ ಬಾಲ್ಕನಿಯ ಬಾಗಿಲು ಅರ್ಧ ಎಳಕೊಂಡು ದಿನಕ್ಕೆ ಆರು ಸಿಗರೇಟು. ಅವನಿಗೆ ಯಾರೂ ಏನೂ ಹೇಳಲಿಲ್ಲ. ಹೇಳಬೇಕು ಅಂತ ಯಾರಿಗೂ ಹೊಳೆಯಲೇ ಇಲ್ಲ.

ಅತ್ತಿಗೆ ಬಿಟ್ಟ ಕಾಫಿಯ ಚರಿತ್ರೆ ಇಷ್ಟು ನೇರವಾಗಿಲ್ಲ. 1988ರಲ್ಲಿ ಅದೇ ವಿಲ್ಕಾಕ್ಸ್ ತಂಡ 104 ಹೆಂಗಸರನ್ನು ಗಮನಿಸಿ, ದಿನಕ್ಕೆ ಒಂದು ಕಪ್ಪಿಗಿಂತ ಹೆಚ್ಚು ಕಾಫಿಯಷ್ಟು ಕೆಫೀನ್ ಕುಡಿಯುವವರಿಗೆ ಆ ತಿಂಗಳು ಗರ್ಭ ನಿಲ್ಲುವ ಸಾಧ್ಯತೆ ಅರ್ಧ ಅಂದಿತು. ಪತ್ರಿಕೆಗಳಿಗೆ ಹಬ್ಬ. ಆದರೆ ಕಾಫಿ ಜಾಸ್ತಿ ಕುಡಿಯುವವರು ಸಿಗರೇಟೂ ಜಾಸ್ತಿ ಸೇದ್ತಾರೆ, ವಯಸ್ಸಲ್ಲೂ ದೊಡ್ಡವರಿರ್ತಾರೆ. ಯಾವುದರಿಂದ ಏನಾಯ್ತು ಅಂತ ಬಿಡಿಸೋದು ಕಷ್ಟ. 2017ರಲ್ಲಿ ಡೆನ್ಮಾರ್ಕಿನವರು ಆವರೆಗಿನ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ ಸ್ಪಷ್ಟ ಸಂಬಂಧ ಕಾಣಲಿಲ್ಲ. ಮಿತವಾಗಿ ಕುಡೀರಿ ಅನ್ನೋ ಮಾತು ಉಳಿಯಿತು, ಲೋಟ ಮುಟ್ಟಿದರೆ ಪಾಪ ಅನ್ನೋದು ಉಳಿಯಲಿಲ್ಲ.

ಇನ್ನು ತೂಕ. 1998ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಒಂದು ಸಂತೋಷದ ಸುದ್ದಿ ಬಂತು. ತೂಕ ಹೆಚ್ಚಿದ್ದು ಅಂಡಾಣು ಬಿಡುಗಡೆಯಾಗದ 67 ಹೆಂಗಸರು ಆರು ತಿಂಗಳು ಗುಂಪಾಗಿ ವ್ಯಾಯಾಮ, ಊಟದ ಶಿಸ್ತು ಪಾಲಿಸಿ ಸರಾಸರಿ 10 ಕೆಜಿ ಇಳಿದರು. 60 ಮಂದಿಗೆ ಅಂಡೋತ್ಪತ್ತಿ ತಾನಾಗೇ ಮರಳಿತು, 45 ಮಂದಿ ಮಗು ಎತ್ತಿಕೊಂಡರು. ಅಲ್ಲಿಂದಾಚೆ ಎಷ್ಟೋ ಕಡೆ ‘ಮೊದಲು ತೂಕ ಇಳಿಸಿ, ಆಮೇಲೆ ಬನ್ನಿ’ ಅನ್ನೋದು ನಿಯಮದಂತಾಯ್ತು. ಆದರೆ ಅಡಿಲೇಡ್‌ನಲ್ಲಿ ಎಣಿಸಿದ್ದು ಆರು ತಿಂಗಳು ಪೂರ್ತಿ ಮಾಡಿದವರನ್ನು. ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ ಬಂದದ್ದು ಆಮೇಲೆ. 2016ರಲ್ಲಿ ನೆದರ್ಲೆಂಡ್ಸ್‌ನಲ್ಲಿ 577 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಮೊದಲು ಆರು ತಿಂಗಳ ಜೀವನಶೈಲಿ ತರಬೇತಿ, ಉಳಿದವರಿಗೆ ತಕ್ಷಣ ಚಿಕಿತ್ಸೆ. ಎರಡು ವರ್ಷದೊಳಗೆ ದಿನ ತುಂಬಿ, ಸಹಜ ಹೆರಿಗೆಯಲ್ಲಿ, ಒಂದೇ ಆರೋಗ್ಯವಂತ ಮಗು ಹೆತ್ತವರು ತರಬೇತಿ ಗುಂಪಿನಲ್ಲಿ 27 ಶೇಕಡ, ತಕ್ಷಣ ಚಿಕಿತ್ಸೆಯ ಗುಂಪಿನಲ್ಲಿ 35. ಚಿಕಿತ್ಸೆ ಇಲ್ಲದೆ ಬಸಿರಾದವರು ಮಾತ್ರ ತರಬೇತಿ ಗುಂಪಿನಲ್ಲೇ ಹೆಚ್ಚು. 2017ರಲ್ಲಿ ಸ್ವೀಡನ್ನಿನ ಪ್ರಯೋಗದಲ್ಲಿ ಹೆಂಗಸರು ಸರಾಸರಿ 9 ಕೆಜಿ ಇಳಿದರೂ ಐವಿಎಫ್ ಫಲಿತಾಂಶ ಹೆಚ್ಚುಕಮ್ಮಿ ಅಷ್ಟೇ: ಒಂದು ಕಡೆ 29.6, ಇನ್ನೊಂದು ಕಡೆ 27.5. 2022ರ ಅಮೆರಿಕದ ಪ್ರಯೋಗವೂ ಹೊಸದೇನೂ ಹೇಳಲಿಲ್ಲ.

ತೂಕ ಇಳಿಸೋದು ದಂಡ ಅಂತಲ್ಲ. ಸಕ್ಕರೆ ಕಾಯಿಲೆ, ಬಿಪಿ, ಬಸಿರಿನ ಸುರಕ್ಷತೆ ಎಲ್ಲಕ್ಕೂ ಒಳ್ಳೇದು. ಮುಟ್ಟು ಸರಿಯಾಗಿ ಬರದವರಿಗಂತೂ ಅದೇ ಔಷಧಿಯಾದೀತು. ಆದರೆ ಎಲ್ಲರನ್ನೂ ಕಾಯಿಸೋದಕ್ಕೆ ಬೆಲೆ ಇದೆ, ಆ ಬೆಲೆ ವಯಸ್ಸು. 1982ರಲ್ಲಿ ಫ್ರಾನ್ಸಿನ ವೀರ್ಯ ಬ್ಯಾಂಕುಗಳ ದಾಖಲೆ ಅದನ್ನು ಸ್ಪಷ್ಟವಾಗಿ ತೋರಿಸಿತ್ತು. ಗಂಡನಲ್ಲಿ ವೀರ್ಯಾಣುವೇ ಇಲ್ಲದ, ದಾನಿಯ ವೀರ್ಯ ಪಡೆದ 2193 ಹೆಂಗಸರು. ಹನ್ನೆರಡು ಚಕ್ರಗಳಲ್ಲಿ ಯಶಸ್ಸು ಮೂವತ್ತರೊಳಗೆ ಸುಮಾರು 74 ಶೇಕಡ, 31ರಿಂದ 35ರೊಳಗೆ 61.5, ಆಮೇಲೆ 53.6. ಮೂವತ್ತೇಳರ ಹೆಂಗಸಿಗೆ ಆರು ತಿಂಗಳು ಅಂದರೆ ಬರೀ ಆರು ತಿಂಗಳಲ್ಲ.

ಕೊನೆಗೆ ನಮ್ಮ ಮನೆಗಳಿಗೆ ತುಂಬ ಪ್ರಿಯವಾದ ಎರಡು ಪಥ್ಯ. ಒಂದು, ಮಲಗಿರು, ಏಳಬೇಡ. ಐವಿಎಫ್‌ನ ಶುರುವಿನ ವರ್ಷಗಳಲ್ಲಿ ಆಸ್ಪತ್ರೆಗಳೇ ಗಂಟೆಗಟ್ಟಲೆ ಮಲಗಿಸ್ತಿದ್ದವು. 2013ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ದಾನಿಯ ಅಂಡಾಣು ಪಡೆದ 240 ಹೆಂಗಸರಲ್ಲಿ ಪ್ರಯೋಗ ಮಾಡಿದರು: ಅರ್ಧದಷ್ಟು ಮಂದಿ ಹತ್ತು ನಿಮಿಷ ಮಲಗಬೇಕು, ಉಳಿದವರು ತಕ್ಷಣ ಎದ್ದು ಹೋಗಬಹುದು. ಎದ್ದು ಹೋದವರಲ್ಲಿ 56.7 ಶೇಕಡ ಮಂದಿಗೆ ಮಗುವಾಯ್ತು, ಮಲಗಿದವರಲ್ಲಿ 41.6. ಎರಡನೇದು, ಟೆನ್ಶನ್ ತಗೋಬೇಡ, ಟೆನ್ಶನ್ನಿಂದಲೇ ನಿಲ್ತಿಲ್ಲ. 2011ರಲ್ಲಿ 14 ಅಧ್ಯಯನಗಳ 3583 ಹೆಂಗಸರ ಲೆಕ್ಕ ಹಾಕಿದಾಗ, ಚಿಕಿತ್ಸೆಗೆ ಮುಂಚಿನ ಆತಂಕ, ಬೇಸರಕ್ಕೂ ಆ ಸೈಕಲ್ಲಿನ ಫಲಿತಾಂಶಕ್ಕೂ ಸಂಬಂಧ ಸಿಗಲಿಲ್ಲ. ಅಂದರೆ ಅತ್ತವಳಿಗೆ, ಅತ್ತಿದ್ದಕ್ಕೇ ಹೀಗಾಯ್ತು ಅನ್ನೋಕೆ ಯಾರಿಗೂ ಆಧಾರವಿಲ್ಲ.

ಇಷ್ಟು ವರ್ಷದ ಎಣಿಕೆ ಹೇಳಿದ್ದನ್ನು ಗಂಡ ಹೆಂಡತಿ ಒಂದು ಚೀಟಿಯಲ್ಲಿ ಬರಕೋಬಹುದು. ಸಿಗರೇಟು ಬಿಡಬೇಕು, ಮನೆಯಲ್ಲಿರುವ ಇಬ್ಬರೂ. ಕಾಫಿ ಮಿತಿಯಲ್ಲಿರಲಿ. ತೂಕದ ವಿಷಯ ವಯಸ್ಸನ್ನೂ ಮುಟ್ಟನ್ನೂ ಪಕ್ಕದಲ್ಲಿಟ್ಟುಕೊಂಡು ಡಾಕ್ಟರ ಹತ್ತಿರ ಮಾತಾಡಬೇಕು. ಮಂಚದಿಂದ ಎದ್ದು ಕೆಲಸಕ್ಕೆ ಹೋಗಬಹುದು. ಇಷ್ಟೆಲ್ಲ ಪಾಲಿಸಿದರೂ ಒಂದು ಸೈಕಲ್ ಕೈಕೊಡಬಹುದು; ಸ್ವೀಡನ್ನಿನಲ್ಲಿ ಅಷ್ಟು ಶ್ರಮಪಟ್ಟ ನೂರು ಮಂದಿಯಲ್ಲಿ ಎಪ್ಪತ್ತು ಮಂದಿಗೆ ಆ ಸಲ ಆಗಲಿಲ್ಲ. ಅವರು ಯಾರೂ ಪಥ್ಯ ಮುರಿದವರಲ್ಲ.