ಕುಲುಮೆಯ ಬೂದಿಯಿಂದ ಉದ್ಯಮಬಾಗದ ಸುರುಳಿಯವರೆಗೆ

ನಮ್ಮ ಸಂಘದ ರಜತ ಮಹೋತ್ಸವದ ಈ ಸಂದರ್ಭದಲ್ಲಿ ನಮ್ಮೂರ ಕಮ್ಮಾರಸಾಲೆಯನ್ನು ನೆನೆಯದಿದ್ದರೆ ಊರಿನ ಇತಿಹಾಸ ಅರ್ಧವೇ ಆದೀತು. ಮುಂಗಾರಿಗೆ ಮೊದಲು ಕುಡಗೋಲು, ಕೊಡಲಿ ಹಿಡಿದು ಅಲ್ಲಿಗೆ ಹೋಗುವುದು ನಮಗೆಲ್ಲ ರೂಢಿ. ಕಮ್ಮಾರಜ್ಜ ಗಟ್ಟಿ ಉಕ್ಕಿನ ತುಂಡನ್ನು ಕೆಂಪಗೆ ಕಾಸಿ, ನೀರಿಗೆ ಅದ್ದದೆ ಬೂದಿಯಲ್ಲಿ ಹುಗಿದಿಡುತ್ತಿದ್ದ. "ಯಾಕಜ್ಜಾ?" ಅಂದರೆ, "ತಡೀಪಾ, ಅದು ತಾನ ಆರಬೇಕು. ಅವಸರ ಮಾಡಿದ್ರ ಮುರೀತದ" ಎನ್ನುತ್ತಿದ್ದ. ಮರುದಿನ ಅದೇ ಉಕ್ಕು ಅರಕ್ಕೆ ಸಲೀಸಾಗಿ ಸವೆಯುತ್ತಿತ್ತು.

ಕಾದ ಉಕ್ಕು ಥಟ್ಟನೆ ನೀರಿಗೆ ಬಿದ್ದರೆ ಗಟ್ಟಿಯಾಗುತ್ತದೆ, ಪೆಡಸೂ ಆಗುತ್ತದೆ. ಸಾವಕಾಶ ಆರಿದರೆ ಮೆತ್ತಗಾಗುತ್ತದೆ. ಇದಕ್ಕೇ ಕಾರ್ಖಾನೆಯವರು 'ಅನೀಲಿಂಗ್' ಎನ್ನುತ್ತಾರೆ.

1831ರ ಜನವರಿ 26ರಂದು ನಮ್ಮ ಖಾನಾಪುರ ತಾಲೂಕಿನ ನಂದಗಡದಲ್ಲಿ ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ, ಒಂದು ತಂತಿ ಸುರುಳಿಯ ವಿದ್ಯುತ್ತು ಬದಲಾದಾಗ, ಅದಕ್ಕೆ ತಗಲದ ಇನ್ನೊಂದು ಸುರುಳಿಯಲ್ಲೂ ವಿದ್ಯುತ್ತು ಹುಟ್ಟುವುದನ್ನು ಕಂಡುಹಿಡಿದ. ಅವನೂ ಕಮ್ಮಾರನ ಮಗನೇ! ಮುಂದೆ ಈ 'ಇಂಡಕ್ಷನ್' ತತ್ವದಿಂದ ಲೋಹ ಕರಗಿಸುವ ಕುಲುಮೆಗಳು ಬಂದವು. 1930ರ ದಶಕದಲ್ಲಿ ಅಮೆರಿಕದಲ್ಲಿ ಮೋಟಾರಿನ ಕ್ರ್ಯಾಂಕ್‌ಶಾಫ್ಟುಗಳನ್ನು ಗಟ್ಟಿ ಮಾಡಲು ಇದೇ ವಿಧಾನ ಹಿಡಿದರು.

ಈ ವಿದ್ಯೆ ನೋಡಲು ಈಗ ದೂರ ಹೋಗಬೇಕಿಲ್ಲ. ಬೆಳಗಾವಿಯಲ್ಲಿ, ಖಾನಾಪುರ ರಸ್ತೆಯಲ್ಲೇ ಇರುವ ಉದ್ಯಮಬಾಗ ಫೌಂಡ್ರಿ, ಮಷಿನ್‌ಶಾಪುಗಳಿಗೆ ಹೆಸರಾದದ್ದು. ಇಂಡಕ್ಷನ್ ಯಂತ್ರದಲ್ಲಿ ತಾಮ್ರದ ಕೊಳವೆಯ ಸುರುಳಿ, ಅದರೊಳಗೆ ಹರಿಯುವ ತಣ್ಣೀರು. ನಡುವೆ ಇಟ್ಟ ಉಕ್ಕು ಬೆಂಕಿಯಿಲ್ಲದೆ, ಹೊಗೆಯಿಲ್ಲದೆ ತಾನೇ ಕೆಂಪಾಗುತ್ತದೆ. ಬೇಕಾದಷ್ಟೇ ಭಾಗ ಕಾಸಬಹುದು. ಗಟ್ಟಿ ಪಿನ್ನಿನ ಮೈ ಹಾಗೇ ಇರಲಿ, ಆಟೆ ಇರುವ ತುದಿ ಮಾತ್ರ ಮೆತ್ತಗಾಗಲಿ ಎಂದರೆ ಆ ತುದಿಯನ್ನಷ್ಟೇ ಸುಮಾರು 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಸಿ ಆರಲು ಬಿಡುತ್ತಾರೆ. ಕಾವು ಮಿತಿ ಮೀರಿತೋ, ಪಕ್ಕದ ತಣ್ಣನೆಯ ಭಾಗ ಬಿಸಿಯನ್ನು ಥಟ್ಟನೆ ಎಳೆದುಕೊಂಡು ತುದಿ ಮತ್ತೆ ಗಟ್ಟಿಯಾಗುವುದೂ ಉಂಟು. ನಮ್ಮ ಕೊಡಲಿಯದೂ ಇದೇ ಲೆಕ್ಕ: ಬಾಯಿ ಗಟ್ಟಿ, ಕಾವು ಕೂಡುವ ಕಣ್ಣು ಮೆತ್ತಗೆ. ಬೆಂಕಿ ಬದಲಾಯಿತು, ಹದ ಬದಲಾಗಲಿಲ್ಲ.

ಇಂದು ಅಜ್ಜನ ಕುಲುಮೆ ಆರಿದೆ. ಮೊಮ್ಮಗ ಮುಂಜಾನೆ ಬಸ್ಸು ಹಿಡಿದು ಉದ್ಯಮಬಾಗಕ್ಕೆ ಹೋಗುತ್ತಾನೆ. ಇತ್ತ ಬಿತ್ತಿಗೆ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಒಂದು ಪಿನ್ನು ಮುರಿದರೆ ನಮಗೆ ಬೆಳಗಾವಿಯೇ ಗತಿ, ಒಂದು ದಿನ ಹಾಳು. ಬೀಜ, ಗೊಬ್ಬರಕ್ಕೆ ಸಾಲ ಕೊಟ್ಟು ಕೈಹಿಡಿದ ನಮ್ಮ ಸಂಘ, ಹದ ಬಲ್ಲ ಇಂಥ ಹುಡುಗ ಊರಲ್ಲೇ ರಿಪೇರಿ ಅಂಗಡಿ ಇಡುತ್ತೇನೆಂದರೆ ಅವನ ಬೆನ್ನಿಗೂ ನಿಲ್ಲಬೇಕು. ಸದಸ್ಯ ಬಾಂಧವರು ಮುಂದಿನ ಸಭೆಯಲ್ಲಿ ಈ ಮಾತು ಎತ್ತಬೇಕೆಂದು ನನ್ನ ವಿನಂತಿ.