ಬರ್ಬೀಸ್ ತೀರದ ರಾಯಭಾರಿ

1838ರ ಮೇ 5ರಂದು ವಿಟ್‌ಬಿ, ಹೆಸ್ಪೆರಸ್ ಎಂಬ ಎರಡು ಹಡಗುಗಳು ಕಲ್ಕತ್ತೆಯಿಂದ ಹೊರಟು ಬ್ರಿಟಿಷ್ ಗಯಾನಾದ ದಡ ಸೇರಿದವು. ಗುಲಾಮಗಿರಿ ಅಳಿಯುತ್ತಿದ್ದ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ನಮ್ಮ ಭರತಖಂಡದ ಮಕ್ಕಳು ಕಡಲು ದಾಟಿದ ಆ ದುಃಖಪರ್ವ 1917ರವರೆಗೂ ನಡೆದು, ಸುಮಾರು 2,39,000 ಜನರನ್ನು ಆ ದೂರದೇಶಕ್ಕೆ ಒಯ್ದಿತು. ಅಂಥವರ ಸಂತತಿಯಲ್ಲಿ, ಬರ್ಬೀಸ್ ನದಿಯ ದಂಡೆಯ ನ್ಯೂ ಆಮ್‌ಸ್ಟರ್‌ಡ್ಯಾಮ್ ಪಟ್ಟಣದಲ್ಲಿ, 1928ರ ಅಕ್ಟೋಬರ್ 3ರಂದು ಶ್ರೀದತ್ ರಾಮ್‌ಫಲ್ ಜನಿಸಿದರು. 1899ರಲ್ಲಿ ಅದೇ ಅಕ್ಟೋಬರ್ 3ರಂದು ಪ್ಯಾರಿಸ್ಸಿನ ನ್ಯಾಯಮಂಡಳಿಯೊಂದು ಆ ವಸಾಹತಿಗೂ ವೆನೆಜುವೆಲಾಕ್ಕೂ ನಡುವಣ ಗಡಿಯನ್ನು ನಿರ್ಣಯಿಸಿತ್ತು. ವಿಧಿಯ ಲಿಪಿ ಎಂದು ಹಿರಿಯರು ಹೇಳುತ್ತಿದ್ದುದು ಇಂಥದನ್ನೇ ಇರಬೇಕು.

ಲಂಡನ್ನಿನಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ ಮರಳಿದ ತರುಣನಿಗೆ ಮುಂದೆ ದೊರೆತದ್ದು ಒಂದು ಮಹಾಸ್ವಪ್ನದ ಸೇವೆ. 1958ರಲ್ಲಿ ಹತ್ತು ಪ್ರಾಂತಗಳು ಕೂಡಿ ವೆಸ್ಟ್ ಇಂಡೀಸ್ ಒಕ್ಕೂಟವಾದಾಗ, ಅದರ ಕಾನೂನು ಇಲಾಖೆಯಲ್ಲಿ ರಾಮ್‌ಫಲ್ ದುಡಿದರು. 1961ರ ಜನಮತಗಣನೆಯಲ್ಲಿ ಜಮೈಕಾ ಹೊರನಡೆಯಿತು. ಮರುವರ್ಷದ ಮೇ ತಿಂಗಳಿಗೆ ಒಕ್ಕೂಟವೇ ಅಸ್ತಂಗತವಾಯಿತು. ಒಂಟಿಯಾಗಿ ನಿಂತ ಸಣ್ಣ ರಾಜ್ಯ ಬಲಾಢ್ಯರ ಮುಂದೆ ಹುಲ್ಲುಕಡ್ಡಿ ಎಂಬ ಅರಿವು ಆ ಪತನದಿಂದಲೇ ಅವರಲ್ಲಿ ಬಲಿಯಿತೆಂಬುದು ನನ್ನ ದೃಢ ನಂಬಿಕೆ. 1966ರಲ್ಲಿ ಗಯಾನಾ ಸ್ವತಂತ್ರವಾಯಿತು. ಅದರ ವಿದೇಶಾಂಗ ಸಚಿವರಾಗಿ ಅವರು ಆ ಅರಿವನ್ನೇ ರಾಜನೀತಿಯಾಗಿಸಿದರು: 1972ರ ಡಿಸೆಂಬರಿನಲ್ಲಿ ಗಯಾನಾ, ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್ ಒಟ್ಟಾಗಿಯೇ ಕ್ಯೂಬಾದೊಡನೆ ರಾಜತಾಂತ್ರಿಕ ಸಂಬಂಧ ಬೆಳೆಸಿದವು, 1975ರಲ್ಲಿ ಲೋಮೆ ಒಪ್ಪಂದದ ಮೂಲಕ ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್‌ಗಳ 46 ರಾಷ್ಟ್ರಗಳು ಯುರೋಪಿನ ಒಂಬತ್ತರೊಡನೆ ಒಂದೇ ಕೊರಳಿನಿಂದ ಮಾತಾಡಿದವು.

ಅದೇ ವರ್ಷ ಅವರು ಕಾಮನ್‌ವೆಲ್ತ್‌ನ ಮಹಾಕಾರ್ಯದರ್ಶಿಯಾದರು; ಹದಿನೈದು ವರ್ಷ ಆ ಪೀಠದಲ್ಲಿದ್ದರು. ಆ ಅವಧಿಯ ಶಿಖರ 1979. ರೊಡೇಶಿಯಾದಲ್ಲಿ ಅಲ್ಪಸಂಖ್ಯ ಬಿಳಿಯರ ಪ್ರಭುತ್ವ ರಕ್ತದ ಹೊಳೆ ಹರಿಸಿತ್ತು. ಆಗಸ್ಟಿನಲ್ಲಿ ಲುಸಾಕಾದ ಕಾಮನ್‌ವೆಲ್ತ್ ಶೃಂಗಸಭೆಗೆ ಬಂದ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಮೇಲೆ ಆಫ್ರಿಕಾದ ನಾಯಕರಿಗೆ ಲವಲೇಶ ವಿಶ್ವಾಸವಿರಲಿಲ್ಲ. ಆದರೂ ಸಭೆಯ ಒಂದು ಸಂಜೆ ಝಾಂಬಿಯಾದ ಅಧ್ಯಕ್ಷ ಕೌಂಡಾ ಆಕೆಯ ಕೈಹಿಡಿದು ನರ್ತಿಸಿದರು. ಲೋಕ ಆ ಚಿತ್ರವನ್ನು ಬೆರಗಿನಿಂದ ನೋಡಿತು. ಹಠ ಸಡಿಲಿ, ಸರ್ವಪಕ್ಷಗಳ ಸಂಧಾನಕ್ಕೆ ಒಪ್ಪಿಗೆ ದೊರೆಯಿತು. ಸಂಧಾನ ನಡೆದ ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ರಾಮ್‌ಫಲ್‌ಗೆ ಆಸನವಿರಲಿಲ್ಲ. ಅವರ ಕಚೇರಿಯಿದ್ದ ಮಾರ್ಲ್‌ಬರೋ ಹೌಸ್ ಮಾತ್ರ ಅಲ್ಲಿಂದ ಕೂಗಳತೆಯಲ್ಲಿತ್ತು. ಬಿಳಿಯರ ಹಿಡಿತದ ಭೂಮಿಗೆ ಪರಿಹಾರ ಕೊಡುವವರಾರು ಎಂಬ ಪ್ರಶ್ನೆಯಲ್ಲಿ ಮಾತುಕತೆ ಮುರಿಯುವ ಹಂತಕ್ಕೆ ಬಂದಾಗ, ಅವರು ಅಮೆರಿಕದ ರಾಯಭಾರಿಯನ್ನು ಕಂಡು ನೆರವಿನ ಭರವಸೆ ಪಡೆದು, ವಿಮೋಚನಾ ಹೋರಾಟದ ನಾಯಕರಾದ ಎನ್ಕೋಮೊ ಮತ್ತು ಮುಗಾಬೆ ಅವರಿಗೆ ತಲುಪಿಸಿದರು. ಡಿಸೆಂಬರ್ 21ರಂದು ಒಪ್ಪಂದಕ್ಕೆ ಸಹಿ ಬಿತ್ತು. 1980ರ ಏಪ್ರಿಲ್ 18ರಂದು ರೊಡೇಶಿಯಾ ಸ್ವತಂತ್ರ ಜಿಂಬಾಬ್ವೆಯಾಗಿ ಉದಯಿಸಿತು.

ಅಧಿಕಾರ ಹೋಯಿತು, ವಾರ್ಧಕ್ಯ ಬಂತು. ಆದರೆ ಗಯಾನಾದ ಮೂರನೆಯ ಎರಡು ಪಾಲಿನಷ್ಟಿರುವ ಎಸೆಕ್ವಿಬೊ ಸೀಮೆ ತನ್ನದೆಂಬ ವೆನೆಜುವೆಲಾದ ಪಟ್ಟು ಸಡಿಲಲಿಲ್ಲ. 2020ರ ಜೂನ್ 30ರಂದು, ಮಹಾಮಾರಿಯ ಕಾಲದಲ್ಲಿ, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ವಿಚಾರಣೆ ವಿಡಿಯೋ ಮೂಲಕ ನಡೆಯಿತು. ತಾನು ಹುಟ್ಟಿದ ದಿನಾಂಕವನ್ನೇ ಹೊತ್ತ 1899ರ ಆ ಗಡಿ ತೀರ್ಪಿನ ಪರವಾಗಿ, ತೊಂಬತ್ತೊಂದರ ವೃದ್ಧ ತಾಯ್ನಾಡಿನ ಪ್ರತಿನಿಧಿಯಾಗಿ ವಾದಿಸಿದರು. ಮೊಕದ್ದಮೆಯನ್ನು ಕೇಳುವ ಅಧಿಕಾರ ತನಗಿದೆಯೆಂದು ನ್ಯಾಯಾಲಯ ಅದೇ ವರ್ಷದ ಡಿಸೆಂಬರ್ 18ರಂದು ಸಾರಿತು. 2024ರ ಆಗಸ್ಟ್ 30ರಂದು ರಾಮ್‌ಫಲ್ ಬಾರ್ಬಡೋಸ್‌ನಲ್ಲಿ ಕಣ್ಮುಚ್ಚಿದಾಗ ಅಂತಿಮ ತೀರ್ಪು ಇನ್ನೂ ಬಂದಿರಲಿಲ್ಲ.