ಪಾಸ್ಕ ಹಬ್ಬದ ತಾರೀಕು ಯಾರ ಪಂಚಾಂಗದ್ದು?



ಕ್ರಿಸ್ಮಸ್ ಡಿಸೆಂಬರ್ 25ಕ್ಕೆ, ಮೊಂತಿ ಹಬ್ಬ ಸೆಪ್ಟೆಂಬರ್ 8ಕ್ಕೆ. ಇವೆರಡಕ್ಕೂ ಕ್ಯಾಲೆಂಡರ್ ನೋಡಬೇಕಾಗಿಲ್ಲ. ನಮ್ಮ ಹಬ್ಬಗಳಲ್ಲೆಲ್ಲ ದೊಡ್ಡದಾದ ಪಾಸ್ಕ ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20, ಈ ವರ್ಷ 2026ರಲ್ಲಿ ಏಪ್ರಿಲ್ 5. ಅದರ ಜೊತೆಗೆ ವಿಭೂತಿ ಬುಧವಾರ, ಗರಿಗಳ ಭಾನುವಾರ, ಪೆಂತಕೋಸ್ತ್ ಎಲ್ಲವೂ ಹಿಂದೆ ಮುಂದೆ ಸರಿಯುತ್ತವೆ. ಕ್ರೈಸ್ತ ಶಿಕ್ಷಣ ತರಗತಿಯಲ್ಲಿ ಮಕ್ಕಳು ಪ್ರತಿ ವರ್ಷ ಇದನ್ನು ಕೇಳುತ್ತಾರೆ. "ಅದು ಚಂದ್ರನ ಲೆಕ್ಕ" ಎಂದು ಹೇಳಿ ನಾವು ಮುಂದೆ ಹೋಗುತ್ತೇವೆ. ಉತ್ತರ ಸರಿಯೇ. ಆದರೆ ಅದು ಯಾರ ಲೆಕ್ಕ ಎಂದು ಕೇಳುತ್ತಾ ಹೋದರೆ ಎರಡು ಸಾವಿರ ವರ್ಷಗಳ ಒಂದು ಸಂಬಂಧದ ಕಥೆಯೇ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಹೆಮ್ಮೆಪಡುವ ಪುಟಗಳಿವೆ, ಓದಲು ನಾಚಿಕೆಯಾಗುವ ಪುಟಗಳೂ ಇವೆ.

ಮೊದಲು ಲೆಕ್ಕ ನೋಡೋಣ. ವಿಮೋಚನಾಕಾಂಡದ 12ನೇ ಅಧ್ಯಾಯ ತೆಗೆದರೆ ಇಸ್ರಯೇಲರಿಗೆ ಕೊಟ್ಟ ಅಪ್ಪಣೆ ಅಲ್ಲಿದೆ: ವರ್ಷದ ಮೊದಲನೆಯ ತಿಂಗಳ 10ರಂದು ಕುರಿಮರಿಯನ್ನು ಆರಿಸಬೇಕು, 14ರ ಸಂಜೆ ಅದನ್ನು ಕೊಯ್ಯಬೇಕು, ಆ ರಾತ್ರಿ ಹುಳಿಯಿಲ್ಲದ ರೊಟ್ಟಿ ಮತ್ತು ಕಹಿ ಸೊಪ್ಪಿನ ಜೊತೆ ಊಟ ಮಾಡಬೇಕು. ಆ ತಿಂಗಳಿಗೆ ನಂತರ ನಿಸಾನ್ ಎಂಬ ಹೆಸರು ಬಂತು. ಯೆಹೂದ್ಯರ ತಿಂಗಳು ಅಮಾವಾಸ್ಯೆ ಕಳೆದು ಎಳೆ ಚಂದ್ರನೊಂದಿಗೆ ಶುರುವಾಗುವುದರಿಂದ 14 ಮುಗಿದು 15ಕ್ಕೆ ಕಾಲಿಡುವ ರಾತ್ರಿ ಹುಣ್ಣಿಮೆ. ಈಜಿಪ್ಟಿನಿಂದ ಹೊರಟವರಿಗೆ ದಾರಿಯಲ್ಲಿ ಬೆಳದಿಂಗಳಿತ್ತು ಎಂದಾಯಿತು.

ಆದರೆ ಹನ್ನೆರಡು ಚಾಂದ್ರಮಾನ ತಿಂಗಳು ಕೂಡಿಸಿದರೆ 354 ದಿನ. ಸೂರ್ಯನ ವರ್ಷಕ್ಕೆ ಸುಮಾರು 11 ದಿನ ಕಡಿಮೆ. ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಕಾಸರಗೋಡಿನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ: ನೆರೆಮನೆಯವರ ರಂಜಾನ್ ಉಪವಾಸ ಮಳೆಗಾಲದಲ್ಲೂ ಬರುತ್ತದೆ, ಸುಡುಬೇಸಿಗೆಯಲ್ಲೂ ಬರುತ್ತದೆ. ಯೆಹೂದ್ಯರ ಪಾಸ್ಕ ಹಾಗೆ ಸುತ್ತುವಂತಿಲ್ಲ. ಅದು ಬಾರ್ಲಿ ತೆನೆ ಬಲಿಯುವ ವಸಂತದಲ್ಲೇ ಬರಬೇಕು. ಆದ್ದರಿಂದ ಅವರು 19 ವರ್ಷಕ್ಕೆ ಏಳು ಬಾರಿ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ. ನಮ್ಮ ಊರಿನ ಪಂಚಾಂಗದ ಅಧಿಕಮಾಸವೂ ಇದೇ ಉಪಾಯ. ಈ ವರ್ಷ ಅಧಿಕ ಜ್ಯೇಷ್ಠ ಬರುವುದನ್ನು ನೀವು ನೋಡಿರಬಹುದು. 19 ಸೌರ ವರ್ಷಗಳಿಗೂ 235 ಚಾಂದ್ರಮಾನ ತಿಂಗಳುಗಳಿಗೂ ಇರುವ ವ್ಯತ್ಯಾಸ ಸುಮಾರು ಎರಡು ಗಂಟೆ ಮಾತ್ರ. ವಿಜ್ಞಾನ ಓದಿದ ನಮ್ಮಂಥವರಿಗೆ ಇದು ಇವತ್ತಿಗೂ ಬೆರಗು ಹುಟ್ಟಿಸುವ ಸಂಖ್ಯೆ.

ಯೇಸು ಶಿಲುಬೆಗೇರಿದ್ದು ಈ ಹಬ್ಬದ ದಿನಗಳಲ್ಲೇ. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಕೊನೆಯ ಭೋಜನವೇ ಪಾಸ್ಕದ ಊಟ. ಯೊವಾನ್ನರ ಪ್ರಕಾರ ಯೇಸು ಪ್ರಾಣಬಿಟ್ಟದ್ದು ಪಾಸ್ಕದ ಸಿದ್ಧತೆಯ ದಿನ, ಅಂದರೆ ದೇವಾಲಯದಲ್ಲಿ ಕುರಿಮರಿಗಳನ್ನು ಕೊಯ್ಯುತ್ತಿದ್ದ ದಿನ. ಊಟದ ಕೊನೆಗೆ ಅವರು ಕೀರ್ತನೆ ಹಾಡಿ ಓಲಿವ್ ಗುಡ್ಡಕ್ಕೆ ಹೋದರು ಎಂದು ಮಾರ್ಕ ಬರೆಯುತ್ತಾನೆ. ಪಾಸ್ಕದ ರಾತ್ರಿ ಯೆಹೂದ್ಯರು ಹಾಡುವುದು 113ರಿಂದ 118ರವರೆಗಿನ ಕೀರ್ತನೆಗಳನ್ನು. ಪಾಸ್ಕ ಭಾನುವಾರದ ಬಲಿಪೂಜೆಯಲ್ಲಿ ನಾವು ಹಾಡುವ ಕೀರ್ತನೆ ಯಾವುದು ಗೊತ್ತೇ? 118. ಗಾಯನ ತಂಡದವರು ಈ ಸಲ ಅಭ್ಯಾಸ ಮಾಡುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ಕ್ರೈಸ್ತರು ಈ ನೆನಪನ್ನು ಎರಡು ರೀತಿಯಲ್ಲಿ ಆಚರಿಸಿದರು. ಏಷ್ಯಾ ಮೈನರ್‌ನವರು, ಅಂದರೆ ಈಗಿನ ಟರ್ಕಿಯ ಪಶ್ಚಿಮ ಭಾಗದವರು, ಯೆಹೂದ್ಯರ ಹಾಗೆಯೇ ನಿಸಾನ್ 14ಕ್ಕೆ, ಯಾವ ವಾರ ಬಂದರೂ ಸರಿ ಎಂದು ಆಚರಿಸುತ್ತಿದ್ದರು. ಇವರನ್ನು ಇತಿಹಾಸದಲ್ಲಿ "ಹದಿನಾಲ್ಕರವರು" ಎಂದೇ ಕರೆಯುತ್ತಾರೆ. ರೋಮಿನವರು ಪುನರುತ್ಥಾನದ ದಿನವಾದ ಭಾನುವಾರಕ್ಕೇ ಅಂಟಿಕೊಂಡರು. ಸುಮಾರು 155ರಲ್ಲಿ ಸ್ಮಿರ್ನದ ಧರ್ಮಾಧ್ಯಕ್ಷ ಸಂತ ಪೊಲಿಕಾರ್ಪ್ ರೋಮಿಗೆ ಬಂದರು. ಆಗಲೇ ಎಂಬತ್ತು ದಾಟಿದ್ದ ಮುದುಕರು; ಪ್ರೇಷಿತ ಯೊವಾನ್ನರ ಶಿಷ್ಯರೆಂದು ಪ್ರಸಿದ್ಧರು. ಪೋಪ್ ಅನಿಸೆಟಸ್ ಮತ್ತು ಅವರ ನಡುವೆ ಈ ವಿಷಯದಲ್ಲಿ ಮಾತುಕತೆ ನಡೆಯಿತು. ಪೊಲಿಕಾರ್ಪ್ ತಾವು ಯೊವಾನ್ನರಿಂದ ಕಲಿತದ್ದನ್ನು ಬಿಡಲಿಲ್ಲ. ಅನಿಸೆಟಸ್ ತಮ್ಮ ಹಿಂದಿನವರ ಪದ್ಧತಿಯನ್ನು ಬಿಡಲಿಲ್ಲ. ಆಮೇಲೆ ನಡೆದದ್ದು ನಮಗೆ ಬಹಳ ಇಷ್ಟವಾದ ಭಾಗ: ಗೌರವದಿಂದ ಅನಿಸೆಟಸ್ ತಮ್ಮ ಚರ್ಚಿನಲ್ಲಿ ಬಲಿಪೂಜೆ ಅರ್ಪಿಸುವ ಸ್ಥಾನವನ್ನೇ ಪೊಲಿಕಾರ್ಪ್‌ಗೆ ಬಿಟ್ಟುಕೊಟ್ಟರು. ಇಬ್ಬರೂ ಒಪ್ಪದೆಯೇ, ಸಮಾಧಾನದಿಂದ ಬೀಳ್ಕೊಂಡರು. ಊರಿಗೆ ಮರಳಿದ ಪೊಲಿಕಾರ್ಪ್ ಹೆಚ್ಚು ಕಾಲ ಬದುಕಲಿಲ್ಲ, ವಿಶ್ವಾಸಕ್ಕಾಗಿ ಹುತಾತ್ಮರಾದರು.

ಸುಮಾರು 190ರಲ್ಲಿ ಪೋಪ್ ವಿಕ್ಟರ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. "ಹದಿನಾಲ್ಕರವರನ್ನು" ಸಭೆಯಿಂದಲೇ ಹೊರಹಾಕಲು ಹೊರಟರು. ಎಫೆಸದ ಪೊಲಿಕ್ರಾಟಿಸ್ ಬಗ್ಗಲಿಲ್ಲ. ಕೊನೆಗೆ ಲಿಯಾನ್ಸಿನ ಸಂತ ಇರೆನಿಯಸ್ ವಿಕ್ಟರ್‌ಗೆ ಪತ್ರ ಬರೆದು, ಅನಿಸೆಟಸ್ ಮತ್ತು ಪೊಲಿಕಾರ್ಪ್ ಹೇಗೆ ನಡೆದುಕೊಂಡರು ಎಂದು ನೆನಪಿಸಿದರು. ಸ್ವತಃ ಇರೆನಿಯಸ್ ಆಚರಿಸುತ್ತಿದ್ದುದು ಭಾನುವಾರ ಎಂಬುದನ್ನು ಗಮನಿಸಿ. ತನ್ನ ಪದ್ಧತಿಯಲ್ಲದವರ ಪರವಾಗಿ ಮಾತಾಡಿದ ಈ ಸಂತರಿಗೆ 2022ರಲ್ಲಿ ಪೋಪ್ ಫ್ರಾನ್ಸಿಸ್ "ಐಕ್ಯದ ಪಂಡಿತ" ಎಂಬ ಬಿರುದು ಕೊಟ್ಟರು.

ಇಷ್ಟು ಓದಿದರೆ "ಹದಿನಾಲ್ಕರವರು" ಯೆಹೂದ್ಯರ ಮಿತ್ರರಾಗಿದ್ದರು ಅನ್ನಿಸಬಹುದು. ಹಾಗಿರಲಿಲ್ಲ. ಅವರಲ್ಲೇ ಒಬ್ಬರಾದ ಸಾರ್ದಿಸಿನ ಮೆಲಿಟೊ ಪಾಸ್ಕದ ಬಗ್ಗೆ ಮಾಡಿದ ಪ್ರಸಂಗ ಉಳಿದಿದೆ. ದೇವರನ್ನೇ ಕೊಂದಿರಿ ಎಂಬ ಆರೋಪವನ್ನು ಇಡೀ ಇಸ್ರಯೇಲಿನ ಮೇಲೆ ಹೊರಿಸಿದ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು. ಒಂದೇ ದಿನ ಹಬ್ಬ ಮಾಡಿದರೆ ಪ್ರೀತಿ ತಾನಾಗಿ ಬರುವುದಿಲ್ಲ. ಇದು ನಮ್ಮ ಊರುಗಳಲ್ಲೂ ಎಲ್ಲರಿಗೂ ಗೊತ್ತಿರುವ ವಿಷಯ.

325ರ ನೈಸಿಯಾ ಮಹಾಸಭೆ ಎಲ್ಲರೂ ಒಂದೇ ಭಾನುವಾರ ಪಾಸ್ಕ ಆಚರಿಸಬೇಕು, ಯೆಹೂದ್ಯರು ಹೇಳುವ ತಾರೀಕಿಗೆ ಕಾಯಬಾರದು ಎಂದು ತೀರ್ಮಾನಿಸಿತು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ ಎಂಬ ನಿಯಮ ನೈಸಿಯಾದಲ್ಲೇ ಬರೆದದ್ದು ಎಂದು ಎಷ್ಟೋ ಕಡೆ ಓದುತ್ತೇವೆ. ವಾಸ್ತವದಲ್ಲಿ ಆ ಲೆಕ್ಕವನ್ನು ಅಲೆಕ್ಸಾಂಡ್ರಿಯದವರು ಕಾಲಕ್ರಮೇಣ ಬೆಳೆಸಿದರು, 1582ರಲ್ಲಿ ಪೋಪ್ ಗ್ರೆಗೊರಿ ಅದನ್ನು ತಿದ್ದಿದರು. ಎಷ್ಟು ಬೇರೆಯಾದರೂ ಲೆಕ್ಕದ ಒಳಗೆ ನಿಸಾನಿನ ಹುಣ್ಣಿಮೆ ಉಳಿದೇ ಇದೆ. 2024ರಲ್ಲಿ ಯೆಹೂದ್ಯರಿಗೆ ಅಧಿಕಮಾಸ ಬಂದು ಅವರ ಪಾಸ್ಕ ಏಪ್ರಿಲ್ 22ರ ಸಂಜೆಗೆ ಹೋಯಿತು, ನಮ್ಮದು ಮಾರ್ಚಿನಲ್ಲೇ ಮುಗಿದಿತ್ತು. ಅಂಥ ವರ್ಷಗಳನ್ನು ಬಿಟ್ಟರೆ ಎರಡೂ ಅಕ್ಕಪಕ್ಕದಲ್ಲೇ ಬರುತ್ತವೆ.

ಎಲ್ಲರಿಗೂ ಒಂದೇ ದಿನ ಎಂಬ ತೀರ್ಮಾನದಲ್ಲಿ ತಪ್ಪೇನೂ ಇಲ್ಲ. ಅದನ್ನು ತಿಳಿಸಲು ಕಾನ್‌ಸ್ಟಂಟೈನ್ ಚಕ್ರವರ್ತಿ ಬರೆದ ಪತ್ರದ ಧಾಟಿ ಬೇರೆ. ಯೆಹೂದ್ಯರ ಜೊತೆ ನಮಗೆ ಏನೂ ಸಮಾನವಾಗಿರಬಾರದು ಎಂಬ ತಿರಸ್ಕಾರ ಅದರಲ್ಲಿದೆ. ಮುಂದೆ 386–387ರಲ್ಲಿ ಅಂತಿಯೋಕ್ಯದಲ್ಲಿ ಸಂತ ಯೊವಾನ್ ಕ್ರಿಸೊಸ್ತೊಮ್, ಯೆಹೂದ್ಯರ ಹೊಸ ವರ್ಷದ ತುತೂರಿ ಕೇಳಲು, ಪರ್ಣಕುಟೀರಗಳ ಹಬ್ಬ ನೋಡಲು ಹೋಗುತ್ತಿದ್ದ ಕ್ರೈಸ್ತರನ್ನು ಎಂಟು ಪ್ರಸಂಗಗಳಲ್ಲಿ ಗದರಿಸಿದರು. ಸಾಮಾನ್ಯ ಜನರು ನೆರೆಯವರ ಹಬ್ಬಕ್ಕೆ ಖುಷಿಯಿಂದ ಹೋಗುತ್ತಿದ್ದರು ಎಂಬುದು ಆ ಗದರಿಕೆಯಿಂದಲೇ ನಮಗೆ ತಿಳಿಯುತ್ತದೆ! ಆದರೆ ಆ ಪ್ರಸಂಗಗಳಲ್ಲಿ ಯೆಹೂದ್ಯರ ಬಗ್ಗೆ ಬಳಸಿದ ಮಾತುಗಳು ಸಂತರ ಬಾಯಿಂದ ಬಂದವೆಂದು ನಂಬಲು ಕಷ್ಟ. ಶತಮಾನಗಳ ನಂತರ ಯೂರೋಪಿನಲ್ಲಿ ಪವಿತ್ರ ವಾರವೆಂದರೆ ಯೆಹೂದ್ಯರು ಬಾಗಿಲು ಹಾಕಿಕೊಂಡು ಕೂರುವ ವಾರವಾಯಿತು. 1389ರ ಪಾಸ್ಕದ ಸಮಯದಲ್ಲಿ ಪ್ರಾಗ್ ನಗರದಲ್ಲಿ ನೂರಾರು ಯೆಹೂದ್ಯರನ್ನು ಕೊಂದರು. ಪುನರುತ್ಥಾನದ ಹಬ್ಬದ ದಿನಗಳಲ್ಲಿ.

ಶುಭ ಶುಕ್ರವಾರದ ಸಾರ್ವತ್ರಿಕ ಪ್ರಾರ್ಥನೆಗಳು ನಿಮಗೆ ಗೊತ್ತು. ಹಳೆಯ ಲತೀನ್ ವಿಧಿಯಲ್ಲಿ ಪ್ರತಿಯೊಂದು ಪ್ರಾರ್ಥನೆಗೂ ಮೊಣಕಾಲೂರುತ್ತಿದ್ದರು, ಯೆಹೂದ್ಯರಿಗಾಗಿ ಮಾಡುವ ಪ್ರಾರ್ಥನೆಗೆ ಮಾತ್ರ ಇಲ್ಲ. ಅವರನ್ನು ಕರೆಯಲು ಅಲ್ಲಿದ್ದ ಲತೀನ್ ಪದಕ್ಕೆ "ವಿಶ್ವಾಸವಿಲ್ಲದವರು" ಎಂಬ ಅರ್ಥವಿದ್ದರೂ ಜನರ ಕಿವಿಗೆ ಅದು "ದ್ರೋಹಿಗಳು" ಎಂದೇ ಕೇಳುತ್ತಿತ್ತು. 1955ರಲ್ಲಿ ಮೊಣಕಾಲೂರುವ ಪದ್ಧತಿ ಅವರ ಪ್ರಾರ್ಥನೆಗೂ ಬಂತು. 1959ರಲ್ಲಿ ಪೋಪ್ 23ನೇ ಯೊವಾನ್ ಆ ಪದವನ್ನೇ ತೆಗೆಸಿದರು.

ಮರುವರ್ಷ ಜೂನ್ 13ರಂದು ಅವರನ್ನು ಕಾಣಲು ಒಬ್ಬ ಫ್ರೆಂಚ್ ಯೆಹೂದ್ಯ ಬಂದರು. ಹೆಸರು ಜೂಲ್ ಇಸಾಕ್, ವಯಸ್ಸು 82, ಫ್ರಾನ್ಸಿನ ಶಾಲೆಗಳ ಇತಿಹಾಸ ಪಠ್ಯಪುಸ್ತಕಗಳನ್ನು ಬರೆದ ಮೇಷ್ಟ್ರು. ಹೆಂಡತಿ, ಮಗಳು ಇಬ್ಬರನ್ನೂ ನಾಜಿಗಳು ಕೊಂದಿದ್ದರು. ಅವರು ಸೇಡಿನ ಮಾತಾಡಲಿಲ್ಲ. ಕ್ರೈಸ್ತರು ತಮ್ಮ ಮಕ್ಕಳಿಗೆ ಯೆಹೂದ್ಯರ ಬಗ್ಗೆ ಏನು ಕಲಿಸುತ್ತಾ ಬಂದಿದ್ದಾರೆ ಎಂಬುದನ್ನು ದಾಖಲೆಗಳೊಂದಿಗೆ ಪೋಪರ ಮುಂದಿಟ್ಟು, ಅದನ್ನು ಸರಿಪಡಿಸಲು ಕೇಳಿಕೊಂಡರು. 1963ರಲ್ಲಿ ಅವರು ತೀರಿಕೊಂಡರು. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ "ನೋಸ್ತ್ರ ಎತಾತೆ" ಘೋಷಣೆಯನ್ನು 2,221 ಮತಗಳಿಂದ ಒಪ್ಪಿತು, ವಿರೋಧ 88. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು. 1986ರಲ್ಲಿ ರೋಮಿನ ಸಿನಗಾಗಿಗೆ ಹೋದ ಪೋಪ್ ಎರಡನೇ ಜಾನ್ ಪೌಲ್ ಯೆಹೂದ್ಯರನ್ನು ಅಣ್ಣಂದಿರು ಎಂಬ ಅರ್ಥದಲ್ಲಿ ಕರೆದರು. ಅಣ್ಣನ ಜೊತೆ ಜಗಳವಿರಬಹುದು, ಮನೆ ಮಾತ್ರ ಒಂದೇ.

ಇದೆಲ್ಲ ರೋಮಿನ, ಯೂರೋಪಿನ ಮಾತು ಎನ್ನಬೇಡಿ. 849ರಲ್ಲಿ ಕೊಲ್ಲಂನ ತರಿಸಾ ಪಳ್ಳಿ ಎಂಬ ಚರ್ಚಿಗೆ ವೇಣಾಡಿನ ಅಯ್ಯನ್ ಅಡಿಗಳ್ ಕೊಟ್ಟ ತಾಮ್ರಪತ್ರದಲ್ಲಿ ಸಾಕ್ಷಿಗಳ ಸಹಿಗಳಿವೆ: ಕೆಲವು ಅರಬಿಯಲ್ಲಿ, ಕೆಲವು ಪಹ್ಲವಿಯಲ್ಲಿ, ಕೆಲವು ಹೀಬ್ರೂ ಲಿಪಿಯಲ್ಲಿ. ನಮ್ಮದೇ ರಾಜ್ಯದಲ್ಲಿ ಒಂದು ಚರ್ಚಿನ ದಾನಪತ್ರಕ್ಕೆ ಯೆಹೂದ್ಯರು ಸಾಕ್ಷಿ ಹಾಕಿದ್ದರು.

ನಮ್ಮ ಜಿಲ್ಲೆಯ ಬೆಟ್ಟದ ಕಡೆ, ವೆಳ್ಳರಿಕುಂಡು, ರಾಜಪುರಂ ಸುತ್ತಮುತ್ತ ತಿರುವಾಂಕೂರಿನಿಂದ ವಲಸೆ ಬಂದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಪವಿತ್ರ ಗುರುವಾರದ ರಾತ್ರಿ "ಪೆಸಹಾ ಅಪ್ಪಂ" ಮಾಡುತ್ತಾರೆ. ಅಕ್ಕಿ, ಉದ್ದಿನ ಹಿಟ್ಟನ್ನು ಹುಳಿ ಬರಿಸದೆ ಬೇಯಿಸಿ, ಮೇಲೆ ಗರಿಗಳ ಭಾನುವಾರದ ಗರಿಯಿಂದ ಮಾಡಿದ ಶಿಲುಬೆ ಇಡುತ್ತಾರೆ. ತೆಂಗಿನಹಾಲು, ಬೆಲ್ಲದ "ಪೆಸಹಾ ಪಾಲ್" ಜೊತೆಗಿರುತ್ತದೆ. ಪ್ರಾರ್ಥನೆಯ ನಂತರ ಮನೆಯ ಹಿರಿಯರು ಅಪ್ಪ ಕತ್ತರಿಸಿ ದೊಡ್ಡವರಿಂದ ಚಿಕ್ಕವರವರೆಗೆ ಹಂಚುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪ ಮಾಡುವುದಿಲ್ಲ, ನೆರೆಹೊರೆಯವರು ತಂದುಕೊಡುತ್ತಾರೆ. "ಪೆಸಹಾ" ಸಿರಿಯಕ್ ಪದ, ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯ ಮನೆತನದ್ದು. ನಮ್ಮ "ಪಾಸ್ಕ" ಗ್ರೀಕ್, ಲತೀನ್ ದಾರಿಯಲ್ಲಿ ಸುತ್ತಿ ಬಂದದ್ದು. ಎರಡರ ಬೇರೂ ಹೀಬ್ರೂವಿನ "ಪೆಸಹ್". ನಾವು ಬಲಿಪೂಜೆಯಲ್ಲಿ ಸ್ವೀಕರಿಸುವ ಓಸ್ತಿಗೂ ಹುಳಿ ಇಲ್ಲ. ಆಮೆನ್, ಅಲ್ಲೆಲೂಯ ಎಂಬ ಮಾತುಗಳನ್ನು ಅನುವಾದವನ್ನೂ ಮಾಡದೆ ಹಾಗೇ ಇಟ್ಟುಕೊಂಡಿದ್ದೇವೆ.

ಈಗ ನಮ್ಮ ಯುವಜನರ ಕೆಲಸಕ್ಕೆ ಬರೋಣ. ಶುಭ ಶುಕ್ರವಾರದ ಶಿಲುಬೆಯ ಹಾದಿ ನಾಟಕದ ಪಾತ್ರಪಟ್ಟಿ ಬರೆಯುವಾಗ ಒಂದು ಕಡೆ ಯೇಸು ಮತ್ತು ಶಿಷ್ಯರು, ಇನ್ನೊಂದು ಕಡೆ "ಯೆಹೂದ್ಯರು" ಎಂದು ಬರೆಯುವುದು ಎಲ್ಲ ಕಡೆ ರೂಢಿ. ಹಾಗಾದರೆ ಮಾತೆ ಮರಿಯಮ್ಮ ಯಾರು? ಪೇತ್ರ, ಯೊವಾನ್ನ, ಮಗ್ದಲದ ಮರಿಯ ಯಾರು? ಈ ಸಲದ ಪಟ್ಟಿಯಲ್ಲಿ "ಮಹಾಯಾಜಕರ ಕಡೆಯವರು", "ರೋಮಿನ ಸೈನಿಕರು", "ಗುಂಪು" ಎಂದು ಇರುತ್ತದೆ. ಪಶ್ಚಿಮ ಏಷ್ಯಾದ ಇಂದಿನ ಯುದ್ಧದ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಇರಲಿ. ಒಂದು ಸರ್ಕಾರದ ಮೇಲಿನ ಸಿಟ್ಟನ್ನಾಗಲಿ ಮೆಚ್ಚುಗೆಯನ್ನಾಗಲಿ ಆ ವೇಷಗಳ ಮೇಲೆ ಹಾಕುವುದು ಬೇಡ. ಗುಂಪಿನ ಪಾತ್ರಕ್ಕೆ ಇನ್ನೂ ಹನ್ನೆರಡು ಜನ ಬೇಕು. ಹೆಸರು ಕೊಡುವವರು ಭಾನುವಾರ ಬಲಿಪೂಜೆಯ ನಂತರ ಬನ್ನಿ.

ಈ ವರ್ಷ ಯೆಹೂದ್ಯರ ಪಾಸ್ಕ ಏಪ್ರಿಲ್ 1, ಬುಧವಾರ ಸಂಜೆ ಶುರುವಾಗುತ್ತದೆ. ನಮ್ಮ ಪವಿತ್ರ ಗುರುವಾರ ಏಪ್ರಿಲ್ 2. ಅಂದು ರಾತ್ರಿ ಆರಾಧನೆ ಮುಗಿಸಿ ಚರ್ಚಿನ ಅಂಗಳಕ್ಕೆ ಬಂದಾಗ, ಮೋಡವಿಲ್ಲದಿದ್ದರೆ, ಹುಣ್ಣಿಮೆಯ ಚಂದ್ರ ತೆಂಗಿನ ಮರಗಳ ಮೇಲಿರುತ್ತಾನೆ. ಅದು ನಿಸಾನ್ ತಿಂಗಳ ಚಂದ್ರ.